ಏಳನೆಯ ಬೆಡ್‌ಶೀಟು

ಬುಧವಾರ, ಬೆಳಿಗ್ಗೆ ಆರೂವರೆ. ಮೊಂತೆವಿದೆಯೊ ನಗರದ ಬಾರಿಯೊ ಸೂರ್ ಬಡಾವಣೆ. ಹಳೆಯ ಕಟ್ಟಡವೊಂದರ ತಾರಸಿಯ ಮೇಲೆ ನೂಬಿಯಾ ತೆಚೇರಾ ಬೆರಳನ್ನು ನಾಲಿಗೆಗೆ ತಾಗಿಸಿ ಗಾಳಿಗೆ ಹಿಡಿಯುತ್ತಾರೆ. ದಕ್ಷಿಣದ ಗಾಳಿ. "ಹನ್ನೊಂದಕ್ಕೆಲ್ಲ ಒಣಗಿರತ್ತೆ," ಎನ್ನುತ್ತಾರೆ. ಬಾಯಲ್ಲಿ ನಾಲ್ಕು ಕ್ಲಿಪ್ಪುಗಳಿರುವುದರಿಂದ ಮಾತು ಹಲ್ಲುಗಳ ನಡುವೆಯೇ ಬರುತ್ತದೆ.

ಅವರಿಗೆ ಎಪ್ಪತ್ತೆರಡು ವರ್ಷ. ನೆಲಮಹಡಿಯ ಒಗೆಯುವ ಕಲ್ಲಿನಿಂದ ತಾರಸಿಗೆ ಮೂವತ್ತೆಂಟು ಮೆಟ್ಟಿಲು, ದಿನಕ್ಕೆ ಆರು ಸಲ. ಎರಡು ಹೋಟೆಲುಗಳ ನಲವತ್ತು ಮೇಜುಬಟ್ಟೆ, ಒಂದು ಚರ್ಚಿನ ಪಾದ್ರಿಯ ನಿಲುವಂಗಿ, ಬಡಾವಣೆಯ ಡೋಲಿನ ತಂಡದ ಇಪ್ಪತ್ತೆಂಟು ಅಂಗಿಗಳು: ಇದು ಅವರ ವಾರದ ಕೆಲಸ. ಮನೆಯಲ್ಲಿ ವಾಷಿಂಗ್ ಮಷಿನ್ ಇದೆ. ಬಿಳಿ ಬಟ್ಟೆಯನ್ನು ಮಾತ್ರ ಅವರು ಅದಕ್ಕೆ ಕೊಡುವುದಿಲ್ಲ. ನೀಲಿ, ಗಂಜಿ ಎರಡನ್ನೂ ಕೈಯಾರೆ ಹಾಕುತ್ತಾರೆ. ಇವತ್ತು ಹಗ್ಗದ ತುಂಬ ಮೇಜುಬಟ್ಟೆಗಳು, ಕೊನೆಗೆ ಒಂದೇ ಒಂದು ಹಳೆಯ ಬೆಡ್‌ಶೀಟು. ಯಾರದೆಂದು ಕೇಳಿದರೆ "ಗಿರಾಕಿದಲ್ಲ" ಎನ್ನುತ್ತಾರೆ, ಅಷ್ಟೇ.

ಡೋಲಿನ ತಂಡದ ವಿಲ್ಮಾರ್ ಅಂಗಿಗಳ ಗಂಟು ಹೊತ್ತು ಏದುಸಿರು ಬಿಡುತ್ತ ಮೇಲೆ ಬರುತ್ತಾನೆ. ಹಿರಿಯ ಹೆಂಗಸರನ್ನು ಇಲ್ಲಿ 'ದೋನ್ಯಾ' ಎಂದು ಕರೆಯುವುದು ವಾಡಿಕೆ.

"ದೋನ್ಯಾ, ನಾಳೆ ಕೋರ್ಟಲ್ಲಿ ಸಹಿ ಹಾಕ್ತೀರೋ ಇಲ್ವೋ?"

"ನಾನ್ ಹೇಳಿದ್ದು ಬರೆದಿದ್ರೆ ಹಾಕ್ತೀನಿ."

"ಒಂದು ಸಾಲಿಗೆ ಇಷ್ಟು ಹಟಾನಾ? ಆ ಮುದುಕ ಅಷ್ಟರಲ್ಲಿ ಸತ್ತೇ ಹೋಗ್ತಾನೆ."

"ನಿನ್ನ ಅಂಗೀಲಿ ಒಂದು ಗುಂಡಿ ಇಲ್ದಿದ್ರೆ ಹಾಕ್ಕೊಂಡು ಮೆರವಣಿಗೆಗೆ ಹೋಗ್ತೀಯೇನೋ?"

"ಹೋಗಲ್ಲ."

"ಮತ್ತೆ? ಬಾಯ್ಮುಚ್ಕೊಂಡು ಗಂಟು ಇಳಿಸು."

ಆ ಮುದುಕನ ಹೆಸರು ಅದೆಮಾರ್ ಪಿಂತೋಸ್. ವಯಸ್ಸು ಎಪ್ಪತ್ತೊಂಬತ್ತು, ಪೊಲೀಸ್ ಇಲಾಖೆಯ ಮಾಜಿ ಸಾರ್ಜೆಂಟ್. 1973ರ ಆಗಸ್ಟ್ 7ರಂದು ಮಿರ್ತಾ ಗೊಡೋಯ್ ಎಂಬ ಇಪ್ಪತ್ತಾರು ವರ್ಷದ ಶಾಲಾ ಶಿಕ್ಷಕಿಯನ್ನು ಬೀದಿಯಿಂದ ಎಳೆದೊಯ್ದ ಆರೋಪ ಅವನ ಮೇಲಿದೆ. ಮಿರ್ತಾ ಮತ್ತೆ ಕಾಣಲಿಲ್ಲ, ಶವವೂ ಸಿಗಲಿಲ್ಲ. ಆ ಚಳಿಗಾಲದಲ್ಲಿ ತಾನು ಐನೂರು ಕಿಲೋಮೀಟರ್ ದೂರದ ಗಡಿಠಾಣೆಯಲ್ಲಿದ್ದೆ ಎನ್ನುವುದು ಪಿಂತೋಸ್‌ನ ವಾದ. ಠಾಣೆಯ ಕಡತಗಳು ಕಾಣೆಯಾಗಿವೆ. ಅವನನ್ನು ಆ ಬೀದಿಯ ಮೂಲೆಯಲ್ಲಿ ನಿತ್ಯ ಕಂಡು ಮಾತಾಡಿದವರಲ್ಲಿ ಉಳಿದಿರುವವರು ಇಬ್ಬರೇ. ಒಬ್ಬರು ನೂಬಿಯಾ.

ಇಪ್ಪತ್ತರ ವಯಸ್ಸಿನಲ್ಲಿ ನೂಬಿಯಾ ಬಟ್ಟೆ ಒಗೆಯುತ್ತಿದ್ದುದು ಮಧ್ಯ ಅಮೆರಿಕದ ಸಣ್ಣ ದೇಶವೊಂದರ ರಾಯಭಾರ ಕಾರ್ಯದರ್ಶಿ ಹೆರಾರ್ದೊ ಸೊಲೇರಾ ಅವರ ಮನೆಯಲ್ಲಿ. ಗಂಡ, ಹೆಂಡತಿ ಮೈರಾ, ಒಂಬತ್ತು ವರ್ಷದ ಮಗಳು ಸೀನಿಯಾ. ಮೂರೇ ಜನ. 1973ರ ಜೂನ್ 27ರಂದು ಇಲ್ಲಿನ ಅಧ್ಯಕ್ಷರು ಸಂಸತ್ತನ್ನು ವಿಸರ್ಜಿಸುತ್ತಾರೆ, ಬೀದಿಗೆ ಸೈನ್ಯ ಇಳಿಯುತ್ತದೆ. ಮುಂದಿನ ವಾರದೊಳಗೆ ಸೊಲೇರಾ ಅವರ ಮನೆಯ ಹಿಂದಿನ ಕೋಣೆಗಳಲ್ಲಿ ಏಳು ಜನ ಬಂದು ಅಡಗಿದ್ದಾರೆ. ಮಿರ್ತಾ ಅವರಲ್ಲೊಬ್ಬಳು. ಇದಕ್ಕೆ ಸೊಲೇರಾ ತಮ್ಮ ಸರ್ಕಾರದ ಅನುಮತಿ ಪಡೆದಿರಲಿಲ್ಲ. ಹೊರಗೆ ತಿಳಿದಿದ್ದರೆ ಏಳೂ ಜನರನ್ನು ಬಿಟ್ಟುಕೊಡುವಂತೆ ಅವರ ಸರ್ಕಾರವೇ ಹೇಳುವ ಸಂಭವವಿತ್ತು. ಆ ಕಾರಣಕ್ಕೆ ದೇಶದ ಹೆಸರು ಇಂದಿಗೂ ಬೇಡ ಎಂದು ಕುಟುಂಬ ಕೇಳಿಕೊಂಡಿದೆ.

ಜುಲೈ 9, ಸೋಮವಾರ. ನೂಬಿಯಾ ಎಂದಿನಂತೆ ವಾರದ ಬೆಡ್‌ಶೀಟುಗಳನ್ನು ಒಗೆದು ಹಿತ್ತಲ ಹಗ್ಗಕ್ಕೆ ಹಾಕುತ್ತಾರೆ. ಮನೆಯವರ ನಾಲ್ಕು, ಅಡಗಿದವರ ಏಳು. "ಹಗ್ಗ ತುಂಬಿದ್ರೆ ನಂಗೆ ಖುಷಿ. ಒಗೆಯೋರ ಜಂಬ ಅದು. ಎಂಥಾ ದಡ್ಡತನ ಮಾಡ್ದೆ ಅಂತ ಹೊಳೀಲೇ ಇಲ್ಲ." ಮೂಲೆಯಲ್ಲಿ ಕಾವಲಿದ್ದ ಸಾರ್ಜೆಂಟ್‌ಗೆ ಬೇಲಿಯಾಚೆಯಿಂದ ಆ ಹಗ್ಗ ಪೂರ್ತಿ ಕಾಣುತ್ತದೆ.

"ಏನೇ ಕರಿ, ಮೂರು ಜನಕ್ಕೆ ಹನ್ನೊಂದಾ? ನಿಮ್ಮ ಸಾಹೇಬ್ರು ಲಾಡ್ಜ್ ಇಟ್ಟಿದಾರಾ?"

ಆ ಹೆಸರಿನಿಂದ ಅವರನ್ನು ಬಡಾವಣೆಯಲ್ಲೂ ಕರೆಯುತ್ತಾರೆ. "ನಮ್ಮೋರ ಬಾಯಲ್ಲಿ ಅದು ಅಕ್ಕರೆ. ಅವನ ಬಾಯಲ್ಲಿ ಉಗುಳು," ಎನ್ನುತ್ತಾರೆ ನೂಬಿಯಾ. ಉತ್ತರಕ್ಕೆ ಅವರಿಗೆ ಸಿಕ್ಕಿದ್ದು ಒಂದು ಉಸಿರಿನಷ್ಟು ಸಮಯ.

"ಮಗು ಹಾಸಿಗೇಲಿ ಉಚ್ಚೆ ಹೊಯ್ಕೊಳತ್ತೆ ಸಾರ್, ದಿನಾ. ವಾರಕ್ಕೆ ಎಷ್ಟು ರಾತ್ರಿ, ನೀವೇ ಎಣಿಸ್ಕೊಳ್ಳಿ."

ಪಿಂತೋಸ್ ಎಣಿಸಿಕೊಂಡ, ನಕ್ಕ. ನೂಬಿಯಾ ಉಳಿದ ಕ್ಲಿಪ್ಪುಗಳನ್ನು ಹಾಕಿ ಮುಗಿಸಿಯೇ ಒಳಗೆ ಬಂದರು. "ಒದ್ದೆ ಬಟ್ಟೇನ ಸೋಮವಾರದವರೆಗೂ ಯಾರಾದ್ರೂ ಗುಡ್ಡೆ ಹಾಕ್ತಾರಾ? ಅದು ಅವನ ತಲೆಗೆ ಹೋಗ್ಲಿಲ್ಲ. ಗಂಡಸು ತಾನೆ, ಒಂದು ಕರ್ಚೀಫೂ ಒಗೆದವನಲ್ಲ." ಅವನಿಗೆ ಹೊಳೆಯುವ ಮೊದಲೇ ಅವರು ಕ್ರಮ ಬದಲಿಸಿದರು. ಮಾರನೆಯ ದಿನದಿಂದ ದಿನಕ್ಕೊಂದು ಬೆಡ್‌ಶೀಟು, ಭಾನುವಾರವೂ ಬಿಡದೆ. ಅಡಗಿದ ಏಳು ಜನರಿಗೆ ಒಬ್ಬೊಬ್ಬರಿಗೆ ವಾರದ ಒಂದೊಂದು ದಿನ. ಮಿರ್ತಾಳದು ಬುಧವಾರ. ಗಂಡಸರ ಅಂಗಿ, ಹೆಚ್ಚಿನ ಟವೆಲ್‌ಗಳು ನೂಬಿಯಾರ ತಲೆಯ ಮೇಲಿನ ಗಂಟಿನಲ್ಲಿ ಅವರದೇ ವಠಾರಕ್ಕೆ ಹೋಗುತ್ತಿದ್ದವು. ಅಲ್ಲಿ ನಲವತ್ತು ಸಂಸಾರದ ಬಟ್ಟೆ. "ಬಡವರ ಹಗ್ಗ ಯಾವನು ಎಣಿಸ್ತಾನೆ?"

ಈ ಸುಳ್ಳಿನ ಭಾರ ಬಿದ್ದದ್ದು ಸೀನಿಯಾಳ ಮೇಲೆ. ತಾಯಿ ಮೈರಾ ಒಪ್ಪಲಿಲ್ಲ, ಅತ್ತರು. ಬಾಗಿಲ ಹಿಂದೆ ನಿಂತಿದ್ದ ಹುಡುಗಿಯೇ ಮುಂದೆ ಬಂದು, "ನಾನೇ ಅಂತ ಇರ್ಲಿ ಬಿಡಮ್ಮ. ಸ್ಕೂಲಲ್ಲಿ ಮಾತ್ರ ಹೇಳ್ಬೇಡಿ," ಎಂದಳು. ಎರಡನೇ ವಾರ ಶಾಲೆಯ ವ್ಯಾನು ಗೇಟಿನ ಮುಂದೆ ನಿಂತಾಗ, ಹನ್ನೆರಡು ಮಕ್ಕಳ ಎದುರಿಗೆ ಪಿಂತೋಸ್ ಕೂಗಿದ: "ಏನ್ ಪುಟ್ಟಿ, ಇವತ್ತಾದ್ರೂ ಒಣಗಿದ್ಯಾ?"

ಹುಡುಗಿ ವ್ಯಾನಿನ ಮೆಟ್ಟಿಲ ಮೇಲೆ ನಿಂತು ತಿರುಗಿದಳು. "ಇಲ್ಲ ಸಾರ್. ಇವತ್ತೂ ಒದ್ದೆ."

ಆ ಶಾಲೆ ಬಿಡುವವರೆಗೂ ಅವಳಿಗೆ ಉಚ್ಚೆಬುರುಕಿ ಎಂಬ ಹೆಸರು ಉಳಿಯಿತು.

ಆಗಸ್ಟ್ 7, ಮಂಗಳವಾರ. ತಾಯಿಗೆ ಕಾಯಿಲೆ ಜೋರಾಗಿದೆ ಎಂದು ತಿಳಿದ ಮಿರ್ತಾ ಯಾರ ಮಾತನ್ನೂ ಕೇಳದೆ ಹಿಂಬಾಗಿಲಿನಿಂದ ಹೊರಡುತ್ತಾಳೆ. ನೂಬಿಯಾ ಹಗ್ಗದ ಬಳಿ ಇದ್ದಾರೆ. "ಒದ್ದೆ ಬೆಡ್‌ಶೀಟಿನ ಅಂಚು ಸರಿಸಿ ನೋಡ್ದೆ. ಮೂಲೇಲಿ ಅವಳ ತೋಳು ಹಿಡಿದವನು ಅವನೇ. ಕಾರಿಗೆ ತಳ್ಳಿದವನೂ ಅವನೇ." ಮಾರನೆಯ ದಿನ ಬುಧವಾರ. ಅವಳು ಬಿಟ್ಟುಹೋದ ಹಾಸಿಗೆಯನ್ನು ಮುಟ್ಟಲು ಮನಸ್ಸಿಲ್ಲ, ಮಲಗಿದವಳು ಇಲ್ಲ. ಹಗ್ಗ ಖಾಲಿ ಬಿಟ್ಟರೆ ಪಿಂತೋಸ್‌ಗೆ ಅರ್ಥವಾಗುತ್ತದೆ: ಹಿಡಿದವಳು ಈ ಮನೆಯವಳು, ಒಳಗೆ ಇನ್ನೂ ಜನ ಇದ್ದಾರೆ. ನೂಬಿಯಾ ಕಪಾಟಿನಿಂದ ಇಸ್ತ್ರಿ ಮಾಡಿದ ಬೆಡ್‌ಶೀಟು ತೆಗೆದು ನೀರಿಗೆ ಅದ್ದಿದರು, ಒಗೆದರು, ಹಗ್ಗಕ್ಕೆ ಹಾಕಿದರು. ಹೀಗೆ ಏಳು ಬುಧವಾರ, ಯಾರೂ ಮಲಗದ ಅದೇ ಬೆಡ್‌ಶೀಟು. ಆ ಮನೆಗೆ ಯಾರೂ ನುಗ್ಗಲಿಲ್ಲ. ಎಂದರೆ ಮಿರ್ತಾ ಬಾಯಿ ಬಿಡಲಿಲ್ಲ. ಸೊಲೇರಾ ಕೊನೆಗೂ ತಮ್ಮ ಸರ್ಕಾರವನ್ನು ಒಪ್ಪಿಸಿದರು. ಸೆಪ್ಟೆಂಬರ್ 24ರಂದು ಉಳಿದ ಆರು ಜನ ಪ್ರಯಾಣಪತ್ರ ಪಡೆದು ದೇಶ ಬಿಟ್ಟರು.

ಸೊಲೇರಾ ದಂಪತಿ ಈಗಿಲ್ಲ. ಅವರಿಗೆ ಮರಣೋತ್ತರ ಪದಕ ಬಂದಿದೆ. ನೂಬಿಯಾರ ಹೆಸರು ಈ ಮಾರ್ಚ್‌ನವರೆಗೆ ಯಾವ ಕಾಗದದಲ್ಲೂ ಇರಲಿಲ್ಲ. ಮಾರ್ಚ್‌ನಲ್ಲಿ ಅವರ ಹೇಳಿಕೆ ಪಡೆದ ಗುಮಾಸ್ತ ನಾಲ್ಕು ಪುಟ ಟೈಪು ಮಾಡಿ ಮುಂದಿಟ್ಟ. ಮೂವತ್ತರ ನಂತರ ಓದು ಕಲಿತ ನೂಬಿಯಾ ಬೆರಳಿಟ್ಟು ನಲವತ್ತು ನಿಮಿಷ ಓದಿದರು. ಮಗುವಿನ ಹಾಸಿಗೆಯ ಮಾತೇ ಅದರಲ್ಲಿರಲಿಲ್ಲ.

"ಅದು ಕೇಸಿಗೆ ಬೇಕಾಗಿಲ್ಲ ದೋನ್ಯಾ. ಪಾಪ, ಆ ಸೀನಿಯಾ ಮೇಡಂಗೂ ಮುಜುಗರ."

"ಮುಜುಗರ ಐವತ್ತೆರಡು ವರ್ಷದಿಂದ ಇದೆ ಮಗಾ. ಅದನ್ನ ತೆಗೆಸೋಕೇ ನಾನು ಬಂದಿರೋದು."

ಅವರು ಪೆನ್ನು ಮುಟ್ಟಲಿಲ್ಲ. ಸಹಿಯಿಲ್ಲದ ಹೇಳಿಕೆ ಸಾಕ್ಷ್ಯವಲ್ಲ. ಆರೋಪಿ ಎರಡು ಸಲ ಆಸ್ಪತ್ರೆ ಸೇರಿದ್ದಾನೆ, ಅವನು ಸತ್ತರೆ ಪ್ರಕರಣ ಮುಗಿದಂತೆ. ಸರ್ಕಾರಿ ವಕೀಲೆ ಎರಡು ಸಲ ಮನೆಗೆ ಬಂದು ಬೇಡಿಕೊಂಡರೂ ನೂಬಿಯಾ ಜಗ್ಗಲಿಲ್ಲ.

ಗುರುವಾರ, ನ್ಯಾಯಾಲಯ. ಪಿಂತೋಸ್ ಗಾಲಿಕುರ್ಚಿಯಲ್ಲಿದ್ದಾನೆ. ಅವನ ವಕೀಲ ನಗುತ್ತಲೇ ಕೇಳುತ್ತಾನೆ: "ಅಜ್ಜಿ, ಐವತ್ತೆರಡು ವರ್ಷದ ಹಿಂದೆ ಹಗ್ಗದ ಮೇಲೆ ಎಷ್ಟು ಬಟ್ಟೆ ಇತ್ತು ಅಂತ ನಿಮಗೆ ನೆನಪಿದೆಯಾ?"

"ಬಟ್ಟೆ ಅಲ್ಲ, ಬೆಡ್‌ಶೀಟು. ಹನ್ನೊಂದು. ಲೆಕ್ಕ ನಂದಲ್ಲ, ನಿಮ್ಮ ಕಕ್ಷಿದಾರರದ್ದು. ಅವರನ್ನೇ ಕೇಳಿ."

ವಿಚಾರಣೆ ನಡೆಸುತ್ತಿರುವ ನ್ಯಾಯಾಧೀಶೆ ಇನ್ನೊಂದು ಕಡತ ತೆರೆಯುತ್ತಾರೆ. ಅರವತ್ತೊಂದು ವರ್ಷದ ಸೀನಿಯಾ ತಮ್ಮ ದೇಶದಿಂದ ಎರಡು ವಾರದ ಹಿಂದೆ ವಿಡಿಯೊ ಮೂಲಕ ಕೊಟ್ಟ ಹೇಳಿಕೆ ಅದು. 1974ರಿಂದ ಅವರೂ ನೂಬಿಯಾರೂ ಭೇಟಿಯಾಗಿಲ್ಲ, ಪತ್ರ ಬರೆದಿಲ್ಲ. ವ್ಯಾನಿನ ಮುಂದೆ ಪಿಂತೋಸ್ ಕೂಗಿದ ಮಾತು ಅಲ್ಲೂ ನೂಬಿಯಾ ಹೇಳಿದಂತೆಯೇ ಅಕ್ಷರಶಃ ಇದೆ. ಗಡಿಠಾಣೆಯಲ್ಲಿದ್ದ ಮನುಷ್ಯನಿಗೆ ಆ ಮನೆಯ ಹಾಸಿಗೆಯ ಸುದ್ದಿ ತಿಳಿಯುವಂತಿರಲಿಲ್ಲ. ಬಿಟ್ಟ ಸಾಲನ್ನು ಸೇರಿಸಿ ಎಂದು ನ್ಯಾಯಾಧೀಶೆ ಆದೇಶಿಸುತ್ತಾರೆ. ಈಗ ಅದು ಕಡತದ ನಾಲ್ಕನೇ ಪುಟದಲ್ಲಿದೆ: "ಬಾಲಕಿ ಸೀನಿಯಾ ಒಂದು ರಾತ್ರಿಯೂ ಹಾಸಿಗೆ ಒದ್ದೆ ಮಾಡಿರಲಿಲ್ಲ. ಹಾಗೆಂದು ಆರೋಪಿಗೆ ಸುಳ್ಳು ಹೇಳಿದವಳು ನಾನು."

ನೂಬಿಯಾ ಮತ್ತೆ ನಾಲ್ಕೂ ಪುಟ ಓದಿ ಸಹಿ ಹಾಕುತ್ತಾರೆ. ಮಿರ್ತಾಳನ್ನು ಎಲ್ಲಿಗೆ ಒಯ್ದಿರಿ ಎಂದು ನ್ಯಾಯಾಧೀಶೆ ಕೇಳಿದಾಗ ಪಿಂತೋಸ್ ನೆಲ ನೋಡುತ್ತಾನೆ. ತೀರ್ಪಿಗೆ ದಿನ ನಿಗದಿಯಾಗಿಲ್ಲ.

ಹೊರಗೆ ಮೆಟ್ಟಿಲ ಮೇಲೆ ನೂಬಿಯಾ ತಾರಸಿಯ ಹಗ್ಗದ ಕೊನೆಯಲ್ಲಿದ್ದ ಬೆಡ್‌ಶೀಟಿನ ಮಾತೆತ್ತುತ್ತಾರೆ. ಸೊಲೇರಾ ಕುಟುಂಬ ಊರು ಬಿಡುವಾಗ, ಏನು ಬೇಕು ಕೇಳು ಎಂದ ಮೈರಾ ಅವರಿಂದ ನೂಬಿಯಾ ಕೇಳಿ ಪಡೆದದ್ದು ಮಿರ್ತಾಳ ಬುಧವಾರದ ಅದೊಂದನ್ನೇ.

"ಅವಳ ಮೂಳೆ ಸಿಕ್ಕಿದ್ರೆ ಸುತ್ತೋಕೆ ಬೇಕಲ್ಲ. ಅವನು ಬಾಯಿ ಬಿಡ್ಲಿ, ಬಿಡ್ದೆ ಇರ್ಲಿ, ಬುಧವಾರ ಬುಧವಾರ ಒಗೀತೀನಿ," ಎನ್ನುತ್ತಾರೆ. "ಹಳದಿ ಆಗೋಕೆ ಬಿಡಲ್ಲ."