ಬೆಳಂಬಾರದಿಂದ ಹಟ್ಟಿಕೇರಿಗೆ ಒಂದು ಜಪಾನಿ ಮೇಪಲ್

ಮೇ ತಿಂಗಳ ಕೊನೆಯ ವಾರ, ಬೆಳಿಗ್ಗೆ ಎಂಟರ ಬಸ್ಸಿಗೆ ಕಾರವಾರ ಬಿಟ್ಟೆ. ಬೆಳಂಬಾರದ ನಾಗವೇಣಿಯ ಮನೆಯಿಂದ ನನ್ನ ಜಪಾನಿ ಮೇಪಲ್ ಗಿಡವನ್ನು ವಾಪಸು ತರುವುದಿತ್ತು. ನಾನು ಬೆಳಂಬಾರದ ಶಾಲೆಯಲ್ಲಿ ಪಾಠ ಮಾಡುತ್ತಿದ್ದ ಕಾಲದಲ್ಲಿ ಮನೆಗೆ ಮೀನು ತರುತ್ತಿದ್ದವಳು ನಾಗವೇಣಿ. ನಾನು ನಿವೃತ್ತಳಾಗಿ ಕಾರವಾರದ ಹಬ್ಬುವಾಡಕ್ಕೆ ಬಂದ ಮೇಲೂ ಅವಳ ಸ್ನೇಹ ಬಿಟ್ಟಿರಲಿಲ್ಲ.

ಮೇಪಲ್ ಊಟಿಯ ನರ್ಸರಿಯಲ್ಲಿ ಕೊಂಡದ್ದು. ಮೊಣಕಾಲೆತ್ತರದ ಗಿಡ, ನೇರಳೆ ಬಣ್ಣದ ಎಲೆ, ಒಂದೊಂದನ್ನೂ ಕತ್ತರಿಯಿಂದ ಎಳೆಎಳೆಯಾಗಿ ಸೀಳಿದ ಹಾಗೆ. ಅದರ ಚಂದಕ್ಕೆ ನಾನು ಮರುಳಾಗಿದ್ದೆ. ನಮ್ಮ ತಾರಸಿಯ ಬಿಸಿಲಿಗೆ ಅದು ಬಾಡತೊಡಗಿದಾಗ, ಬೇಸಿಗೆ ಮುಗಿಯುವ ತನಕ ಇರಲಿ ಎಂದು ನಾಗವೇಣಿಯ ಹಲಸಿನ ಮರದ ನೆರಳಿಗೆ ಸಾಗಿಸಿದ್ದೆ. ಅವಳ ಕೈಗುಣ ಊರಿಗೆಲ್ಲ ಗೊತ್ತು.

ಅಂಕೋಲೆಗೆ ಒಂದು ತಾಸಿನ ದಾರಿ. ಮೋಡ ಕಟ್ಟಿತ್ತು, ಮಳೆಯಿಲ್ಲ. ಸೆಖೆಗೆ ಸೀರೆ ಬೆನ್ನಿಗಂಟಿತ್ತು. ಅಲ್ಲಿಂದ ಬೆಳಂಬಾರಕ್ಕೆ ಆಟೊ, ನೂರೈವತ್ತು ರೂಪಾಯಿ.

ನೇರ ಗಿಡದ ಹತ್ತಿರ ಹೋದೆ. ಉಳಿದದ್ದು ನಾಲ್ಕೇ ಎಲೆ, ಅವೂ ತುದಿ ಸುಟ್ಟು ಮುರುಟಿದ್ದವು. ಹಲಸಿನ ನೆರಳು ಸಾಲದೆಂದು ನಾಗವೇಣಿ ಹಳೆಯ ಬಲೆಯೊಂದನ್ನು ಮಡಿಸಿ ಮೇಲೆ ಚಪ್ಪರ ಬೇರೆ ಕಟ್ಟಿದ್ದಳು.

"ಎಂತ ಹಾಕಿದ್ಯೆ ಇದ್ಕೆ?"

"ಮೀನು ತೊಳ್ದ ನೀರು, ಅಕ್ಕೋರೆ. ಒಂದಿನಾನೂ ತಪ್ಸಲಿಲ್ಲ. ನಮ್ಮ ತೆಂಗು, ಕರಿಬೇವು ಎಲ್ಲ ಅದ್ನೇ ಕುಡ್ದು ದೊಡ್ಡಾದದ್ದು ಅಲ್ವಾ? ಸೊರಗ್ತು ಅಂದೇಳಿ ಮತ್ತೊಂದು ಚೆಂಬು ಹೆಚ್ಚೇ ಹಾಕ್ದೆ."

ಮಳೆಗಾಲಕ್ಕೆಂದು ಉಪ್ಪು ಹಾಕಿ ಒಣಗಿಸುವ ಮೀನಿನ ನೀರು! ಈ ಜಾತಿಯ ಗಿಡಕ್ಕೋ ಉಪ್ಪೆಂದರೆ ಆಗದು. ನಾನು ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ. ಅವಳು ಗಂಜಿ ಬಡಿಸಿದಳು, ಜೊತೆಗೆ ಒಣಸೀಗಡಿ ಚಟ್ನಿ. ಸಿಟ್ಟಿನಲ್ಲೇ ಎರಡು ಬಟ್ಟಲು ಉಂಡೆ. ಕಾರವಾರದ ದಾರಿಯಲ್ಲೇ ಸಿಗುವ ಹಟ್ಟಿಕೇರಿಯಲ್ಲಿ ತೋಟ ಮಾಡಿಕೊಂಡಿರುವ ನನ್ನ ಚಿಕ್ಕಪ್ಪನ ಮಗ ಗಣಪತಿಗೆ ಫೋನ್ ಮಾಡಿದೆ. "ಕೂಡ್ಲೆ ತಕಂಡು ಬಾ. ಬೇರು ತೊಳ್ದು ಮಣ್ಣು ಬದಲ್ಸುವಾ" ಎಂದ.

ನಾಗವೇಣಿಯೂ ನನ್ನ ಜೊತೆ ಹೊರಟೇಬಿಟ್ಟಳು. ಕುಂಡವನ್ನು ಮೀನಿನ ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತಳು. ನನಗೆ ಮುಟ್ಟಲೂ ಕೊಡಲಿಲ್ಲ. ಅಂಕೋಲೆಯಲ್ಲಿ ಕಾರವಾರದ ಬಸ್ಸು ಹತ್ತಿದೆವು.

"ನಿಮ್ಗಿಬ್ರಿಗೂ ಫ್ರೀ. ಗಿಡಕ್ಕೆ ಲಗೇಜ್ ಟಿಕೇಟ್ ತಕಳಿ" ಎಂದ ಕಂಡಕ್ಟರ್.

"ಅದೂ ಹೆಣ್ಣೇಯಾ" ಎಂದಳು ನಾಗವೇಣಿ. ಬಸ್ಸೆಲ್ಲ ನಕ್ಕಿತು. ಅವನೂ ನಕ್ಕು ಮುಂದೆ ಹೋದ.

ಅವಳು ಮಾತ್ರ ನಗಲಿಲ್ಲ. ಕಿಟಕಿಯ ಕಡೆ ನೋಡುತ್ತ ಹೇಳಿದಳು: "ನಿಮ್ದು ಅಂತ ಗೊತ್ತಿತ್ತು ಅಕ್ಕೋರೆ. ಆದ್ರೂ ಬೆಳಿಗ್ಗೆ ಎದ್ದು ಮೊದ್ಲು ಅದ್ನೇ ನೋಡ್ತಿದ್ದೆ. ನಮ್ಮಲ್ಲಿರೂದೆಲ್ಲ ತಿನ್ನೂಕೆ, ಮಾರೂಕೆ. ಇದೊಂದೇ ಸುಮ್ನೆ ನೋಡೂಕೆ."

ನನಗೆ ನಾಚಿಕೆಯಾಯಿತು. ಬೈದದ್ದು ಹೆಚ್ಚಾಯಿತು ಅನ್ನಿಸಿತು.

ಹಟ್ಟಿಕೇರಿಯಲ್ಲಿ ಗಣಪತಿ ಬಾವಿಕಟ್ಟೆಯ ಹತ್ತಿರ ಗಿಡವನ್ನು ಕುಂಡದಿಂದ ಬಿಡಿಸಿದ. ನಾಗವೇಣಿ ಕೊಡಗಟ್ಟಲೆ ನೀರು ಸೇದಿದಳು, ಅವನು ಬೇರು ತೊಳೆದ. ಮೀನಿನ ವಾಸನೆಗೆ ಮನೆಯ ಬೆಕ್ಕು ಓಡಿಬಂತು. ಹೊಸ ಮಣ್ಣಿಗೆ ಗಿಡ ಕೂರಿಸಿದ ಮೇಲೆ ಅವನು ಕಾಂಡವನ್ನು ಉಗುರಿನಿಂದ ಕೆರೆದ. ತೊಗಟೆಯಡಿ ಹಸಿರಿತ್ತು.

"ಜೀವ ಅದೆ. ಈ ಮಳೆಗಾಲ ಇಲ್ಲೇ ಇರ್ಲಿ. ಚಿಗುರಿದ್ರೆ ಫೋನ್ ಮಾಡ್ತೆ, ಬಂದು ತಕಂಡು ಹೋಗು" ಎಂದು ನನಗೆ ಹೇಳಿದ.

ನಾಗವೇಣಿ ಆಗಲೇ ಖಾಲಿ ಬುಟ್ಟಿ ಎತ್ತಿಕೊಂಡು ರಸ್ತೆಯ ಕಡೆ ತಿರುಗಿದ್ದಳು.

"ನಂಗಲ್ಲ, ಅವಳಿಗೆ ಮಾಡು" ಎಂದೆ. "ಗಿಡ ಇನ್ನು ಅವಳದು."

ಅವಳು ನಿಂತಳು. ಬುಟ್ಟಿ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಬಂದು ಗಣಪತಿಗೆ ತನ್ನ ನಂಬರನ್ನು ಎರಡು ಸಲ ಹೇಳಿದಳು. ಆಮೇಲೆ ಅವನೆದುರು ಕುಕ್ಕರುಗಾಲಲ್ಲಿ ಕೂತಳು.

"ಹಾಗಾರೆ ಇದ್ಕೆ ಎಂತ ನೀರು ಹಾಕೂದು, ಎಷ್ಟು ಹಾಕೂದು, ಸರಿಯಾಗಿ ಹೇಳಿ."

ನಾನು ಕಾರವಾರದ ಬಸ್ಸು ಹತ್ತುವಾಗಲೂ ಅವಳು ಕೇಳುತ್ತಲೇ ಇದ್ದಳು.