ಬಚ್ಚಲ ಹಾದಿಯ ಹೂಜಿ ಗಿಡ

ನಮ್ಮ ಅತ್ತೆ ಕಾಂತಮ್ಮನವರು ಇರುವೆಗೂ ನೋವು ಮಾಡದ ಹೆಂಗಸು ಎಂದು ಅರಸೀಕೆರೆಯ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅದು ಬರೀ ಬಾಯಿಮಾತಲ್ಲ. ಸಕ್ಕರೆ ಡಬ್ಬಿಗೆ ಇರುವೆ ಮುತ್ತಿದರೆ ಅದನ್ನು ಬಿಸಿಲಿಗಿಟ್ಟು, ಅವು ತಾವಾಗಿಯೇ ಸಾಲುಗಟ್ಟಿ ಹೊರಡುವವರೆಗೆ ಪಕ್ಕದಲ್ಲೇ ಕೂತಿರುತ್ತಿದ್ದರು. ಬೆಳಿಗ್ಗೆ ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡಿಕೊಂಡ ಮೇಲೇ ಬಾಯಿಗೆ ನೀರು. ಯಾರೋ ಹುಟ್ಟುಹಬ್ಬಕ್ಕೆಂದು ಮೊಟ್ಟೆ ಹಾಕಿದ ಕೇಕು ಕೊಟ್ಟು ಕಳಿಸಿದ್ದಾಗ ಅದನ್ನಿಟ್ಟ ತಟ್ಟೆಯನ್ನೂ ಹೊರಗೆ ಹಾಕಿಸಿದ್ದರು. ಅಂಥವರ ಮನೆಗೆ ಹುಳ ತಿನ್ನುವ ಗಿಡ ಬಂತು.

ತಂದವನು ನನ್ನ ಮೈದುನ ಇಂದ್ರೇಶ್. ನನ್ನ ಗಂಡ ರಾಜಶೇಖರ್ ಜೊತೆ ಕೊಬ್ಬರಿ ಮಂಡಿಯಲ್ಲಿ ಕೂರುತ್ತಿದ್ದ. ಮೂವತ್ತು ದಾಟಿದ್ದರೂ ಮದುವೆಯ ಮಾತೆತ್ತಿದರೆ ನಕ್ಕು ಎದ್ದು ಹೋಗುವವನು. ಗಿಡಗಳ ಹುಚ್ಚು. ಬೇಲೂರಿನಾಚೆ ಬಿಕ್ಕೋಡಿನ ಹತ್ತಿರ ಶಿವಪ್ರಕಾಶ್ ಎಂಬ ಅವನ ಸ್ನೇಹಿತ ಒಂದು ಸಣ್ಣ ನರ್ಸರಿ ಇಟ್ಟಿದ್ದ. ಅಲ್ಲಿಂದ ದೀಪಾವಳಿಯ ಮಾರನೆಯ ವಾರ ಈ ಗಿಡವನ್ನು ಬೈಕಿನ ಮುಂದೆ ಮಗುವಿನ ಹಾಗೆ ಕೂರಿಸಿಕೊಂಡು ತಂದ. ಉದ್ದನೆಯ ಎಲೆಗಳು, ಪ್ರತಿ ಎಲೆಯ ತುದಿಯಿಂದ ಇಳಿದ ಬಳ್ಳಿ, ಬಳ್ಳಿಯ ಕೊನೆಗೆ ಗೇಣುದ್ದದ ಒಂದು ಹೂಜಿ. ಹೂಜಿಗೆ ಕೆಂಪು ತುಟಿ, ಮೇಲೊಂದು ಮುಚ್ಚಳ, ಒಳಗೆ ಅರ್ಧ ಮಟ್ಟ ನೀರು. ನಮ್ಮ ಅಡುಗೆಮನೆಯಿಂದ ಬಚ್ಚಲಿಗೆ ಹೋಗುವ ಹಾದಿಯಲ್ಲಿ ಗಾಜಿನ ಹೆಂಚಿನಿಂದ ಬೆಳಕು ಬೀಳುತ್ತದೆ. ತೆಂಗಿನ ಚಿಪ್ಪಿನ ಉರಿ ಹಾಕಿ ಹಂಡೆ ಕಾಯಿಸುವುದರಿಂದ ಬೆಳಿಗ್ಗೆಯೆಲ್ಲ ಅಲ್ಲಿ ಹಬೆ. ಈ ಗಿಡಕ್ಕೆ ಬೇಕಾದ್ದು ಇದೇ ಎಂದು ಅಲ್ಲೇ ಕೊಕ್ಕೆ ಹೊಡೆದು ತೂಗುಹಾಕಿದ.

ಅದು ಏನು ತಿನ್ನುತ್ತದೆಂದು ಖುಷಿಯಿಂದ ವಿವರಿಸಿದವನೂ ಅವನೇ. ಅತ್ತೆ ಅವತ್ತಿನಿಂದ ಆ ಹಾದಿಯಲ್ಲಿ ಮುಖ ತಿರುಗಿಸಿ ನಡೆಯತೊಡಗಿದರು. ಲಿಂಗವಂತರ ಮನೆಯೊಳಗೆ ಜೀವ ತಿನ್ನುವುದನ್ನು ಸಾಕುವುದುಂಟೇ ಎಂದು ದಿನಾ ಒಂದು ಮಾತು. ಅವನು ನಗುತ್ತಿದ್ದ. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ, ಇನ್ನೊಂದು ಇಂಥದೇ ಗಿಡ ತರಲು ಹೊರಟಿದ್ದೇನೆಂದು ಅವನು ತಿಂಡಿಗೆ ಕೂತು ಹೇಳಿದಾಗ ಅವರ ಸಹನೆ ತಪ್ಪಿತು. ಇಕ್ಕಿದ್ದ ತಟ್ಟೆಯನ್ನು ಅವನ ಮುಂದಿನಿಂದ ಎತ್ತಿಕೊಂಡರು.

"ಅದು ಈ ಮನೇಲಿ ಇರೋ ತಂಕ ನನ್ನ ಕೈಲಿ ನಿಂಗೆ ಅನ್ನ ಇಲ್ಲ" ಎಂದರು.

"ಹಂಗಾದ್ರೆ ಶಿವಪ್ರಕಾಶನ ಮನೇಲೇ ಉಣ್ತೀನಿ ಬಿಡವ್ವ" ಎಂದು ನಗುತ್ತಲೇ ಹೆಲ್ಮೆಟ್ ತೆಗೆದುಕೊಂಡ.

ಜಾವಗಲ್ ದಾಟಿದ ಮೇಲೆ ಒಂದು ತಿರುವಿದೆ. ಎದುರಿಗೆ ಬಂದ ಟ್ರ್ಯಾಕ್ಟರಿನ ಹಿಂದಿದ್ದ ಟ್ರೇಲರ್ ಅವನಿಗೆ ಕಾಣಲಿಲ್ಲವಂತೆ. ಸಂಜೆ ಅವನನ್ನು ಊರ ಹೊರಗಿನ ತೋಟದಲ್ಲಿ, ನನ್ನ ಮಾವ ಕಲ್ಲೇಶಪ್ಪನವರ ಸಮಾಧಿಯ ಪಕ್ಕ, ಕೂರಿಸಿ ಮಣ್ಣು ಮಾಡಿದೆವು. ಶಿವಗಣಾರಾಧನೆಗೆ ಬಂದ ಮಠದ ಸ್ವಾಮಿಗಳು ಅತ್ತೆಯನ್ನು ಹತ್ತಿರ ಕರೆದು, ಲಿಂಗದಲ್ಲಿ ಬೆರೆತವನು ಅಲೆಯುವುದಿಲ್ಲ, ನಮ್ಮಲ್ಲಿ ದೆವ್ವ ಪಿಶಾಚಿ ಎಂಬುದಿಲ್ಲ, ಧೈರ್ಯವಾಗಿರಿ ಎಂದರು. ಅತ್ತೆ ತಲೆಯಾಡಿಸಿದರು. ಅವನ ಹೆಸರನ್ನು ಆಮೇಲೆ ಮನೆಯಲ್ಲಿ ಅವರು ಎತ್ತಲಿಲ್ಲ.

ಗಿಡ ಅಲ್ಲೇ ತೂಗುತ್ತಿತ್ತು. ರಾಜಶೇಖರ್ ಒಮ್ಮೆ ಅದನ್ನು ಕೊಕ್ಕೆಯಿಂದ ಬಿಡಿಸಿ ತಿಪ್ಪೆಗೆ ಎಸೆಯಲೆಂದು ಬಾಗಿಲವರೆಗೆ ಹೋಗಿ, ವಾಪಸು ತಂದು ತೂಗುಹಾಕಿದರು. ಹಾಗಾಗಿ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ಶಿವರಾತ್ರಿ ಮುಗಿದು ಬಿಸಿಲು ಏರತೊಡಗಿದಾಗ ಎಲೆಯ ಅಂಚು ಕಪ್ಪಾಯಿತು. ಶಿವಪ್ರಕಾಶನಿಗೆ ಫೋನ್ ಮಾಡಿದೆ. ನಮ್ಮ ಬೋರ್‌ವೆಲ್ ನೀರಿನ ಉಪ್ಪು ಅದಕ್ಕೆ ವಿಷ, ಫಿಲ್ಟರ್ ನೀರನ್ನೇ ಹಾಕಿ ಎಂದ. ಗೊಬ್ಬರ ಹಾಕಬಾರದಂತೆ. ತೊಳೆದ ತೆಂಗಿನ ಸಿಪ್ಪೆಯ ಚೂರುಗಳಲ್ಲಿ ಬೇರು ಉಸಿರಾಡಬೇಕಂತೆ. ಎಲ್ಲಕ್ಕಿಂತ ಗಾಳಿಯಲ್ಲಿ ತೇವ ಬೇಕು. ಅರಸೀಕೆರೆಯ ಏಪ್ರಿಲ್‌ನಲ್ಲಿ ಗಾಳಿಯ ತೇವ ಎಲ್ಲಿಂದ ತರುವುದು? ಸುತ್ತ ಗೋಣಿತಾಟು ಕಟ್ಟಿ ನೆನೆಸಿದೆ, ಗಾಜಿನ ಹೆಂಚಿಗೆ ಹಸಿರು ಬಲೆ ಹಾಸಿದೆ, ದಿನಕ್ಕೆರಡು ಸಲ ನೀರು ಚಿಮುಕಿಸಿದೆ. ಆದರೂ ಹೊಸ ಎಲೆಯ ತುದಿಯಲ್ಲಿ ಮೂಡುವ ಪುಟ್ಟ ಹೂಜಿ ಬೆರಳುಗುರಿನಷ್ಟಾಗುವ ಮೊದಲೇ ಒಣಗಿ ಉದುರುತ್ತಿತ್ತು. ಹಳೆಯವು ನಾಲ್ಕಾರು ಮಾತ್ರ ಬಾಯಿ ತೆರೆದುಕೊಂಡು ಉಳಿದಿದ್ದವು.

ಮನೆಯಲ್ಲಿ ಯಾರೋ ಇದ್ದಾರೆ ಅನ್ನಿಸತೊಡಗಿದ್ದು ಆ ದಿನಗಳಲ್ಲೇ. ಮಧ್ಯಾಹ್ನ ಊಟವಾಗಿ, ಕಿಟಕಿ ಮುಚ್ಚಿ ಎಲ್ಲರೂ ಅಡ್ಡಾದಾಗ ಬೀದಿಯಲ್ಲಿ ಒಂದು ನಾಯಿಯೂ ಬೊಗಳುವುದಿಲ್ಲ. ಆ ನಿಶ್ಶಬ್ದದಲ್ಲಿ ಹಿಂದುಗಡೆ ಚಮಚ ಬಟ್ಟಲಿಗೆ ತಾಗಿದ ಸದ್ದು. ಎದ್ದು ಹೋಗಿ ನೋಡಿದರೆ ಯಾರೂ ಇಲ್ಲ, ಗಿಡದ ಬುಟ್ಟಿ ಮಾತ್ರ ಮೆಲ್ಲಗೆ ತೂಗುತ್ತಿದೆ. ಗಾಳಿಯ ಸುಳಿವೂ ಇಲ್ಲ. ಒಂದು ದಿನ ನೀರು ಚಿಮುಕಿಸುವಾಗ ಹೂಜಿಯೊಳಗೆ ಬಗ್ಗಿ ನೋಡಿದೆ. ಮಳೆನೀರಿನಂತೆ ತಿಳಿಯಾಗಿರುತ್ತಿದ್ದ ನೀರು ಅರಿಶಿನ ಕಲೆಸಿದಂತೆ ಹಳದಿಯಾಗಿತ್ತು. ಮೇಲೆ ಎಣ್ಣೆಯ ಹನಿಗಳು ತೇಲುತ್ತಿದ್ದವು.

ಆಮೇಲೆ ವಾಸನೆ ಶುರುವಾಯಿತು. ಮೊದಲು ಹುಳಿ ವಾಸನೆ, ಬರುಬರುತ್ತಾ ಕೊಳೆತದ್ದು. ಇಲಿ ಸತ್ತಿರಬೇಕೆಂದು ರಾಜಶೇಖರ್ ಅಟ್ಟದ ಮೇಲಿನ ಚೀಲಗಳನ್ನೆಲ್ಲ ಇಳಿಸಿದರು. ಏನೂ ಸಿಗಲಿಲ್ಲ. ಸ್ವಾಮಿಗಳ ಮಾತು ನನಗೆ ನೆನಪಿತ್ತು, ಆದರೆ ಬಚ್ಚಲ ಹಾದಿಗೆ ಕಾಲಿಡುವಾಗ ಹಗಲಲ್ಲೂ ದೀಪ ಹಾಕಿಕೊಳ್ಳುತ್ತಿದ್ದೆ. ಎರಡು ಹೂಜಿಗಳು ಸೊಂಟದಲ್ಲಿ ಕಂದುಗಟ್ಟಿ ಮೆತ್ತಗಾಗಿದ್ದವು. ವಾಸನೆ ಅವುಗಳದ್ದೇ ಎಂದು ಗೊತ್ತಾದ ಮೇಲೆ ಒಂದನ್ನು ಕತ್ತರಿಸಿ ಬಚ್ಚಲಲ್ಲಿ ಬಗ್ಗಿಸಿದೆ. ಒಳಗಿನಿಂದ ಅನ್ನದ ಅಗುಳು ಬಿತ್ತು. ಜೊತೆಗೆ ಕಡಲೆಬೇಳೆಯ ಹೂರಣ.

ಮಾರನೆಯ ದಿನ ಊಟವಾದ ಮೇಲೆ ಮಲಗುವ ನೆವ ಮಾಡಿ, ಬಚ್ಚಲೊಳಗೆ ಹಂಡೆಯ ಮರೆಗೆ ನಿಂತೆ. ಬಾಗಿಲ ಸಂದಿಯಿಂದ ಗಿಡ ಕಾಣುತ್ತಿತ್ತು. ಬೆವರು ಇಳಿಯುತ್ತಿತ್ತು. ನನ್ನ ಗಂಡನೇ ಬರಬಹುದು ಎಂದುಕೊಂಡಿದ್ದೆ. ಬೇರೆ ಯಾರಾದರೂ ಬಂದರೆ ಎಂಬುದನ್ನು ಯೋಚಿಸದಿರಲು ನೋಡುತ್ತಿದ್ದೆ.

ಬಂದವರು ಅತ್ತೆ. ಹಣೆಯ ಮೇಲೆ ಬೆಳಗಿನ ವಿಭೂತಿ ಹಾಗೇ ಇತ್ತು. ಕೈಯಲ್ಲಿ ಬೆಳ್ಳಿಯ ಬಟ್ಟಲು, ಚಮಚ. ಅನ್ನಕ್ಕೆ ತಿಳಿಸಾರು ತುಪ್ಪ ಹಾಕಿ ಕಿವುಚಿದ್ದರು. ಎಡಗೈಯಲ್ಲಿ ಹೂಜಿಯ ಕೆಳಭಾಗವನ್ನು ಮಗುವಿನ ಗಲ್ಲ ಹಿಡಿದಂತೆ ಹಿಡಿದು, ಚಮಚದಿಂದ ಸ್ವಲ್ಪ ಸ್ವಲ್ಪವೇ ಒಳಗಿಳಿಸಿದರು. ಒಂದಾದ ಮೇಲೆ ಇನ್ನೊಂದಕ್ಕೆ. ಕೊನೆಗೆ ಎಲೆಗಳ ನಡುವೆ, ಹೇಗೋ ಒಣಗದೆ ಉಳಿದಿದ್ದ ಒಂದು ಎಳೆ ಹೂಜಿ ಅವರ ಕೈಗೆ ಸಿಕ್ಕಿತು. ಅದರ ಮುಚ್ಚಳ ಇನ್ನೂ ಬಿರಿದಿರಲಿಲ್ಲ. ಚಮಚದ ಅಂಚನ್ನು ಅದರ ತುಟಿಗೆ ತಾಗಿಸಿ ಹಿಡಿದು ನಿಂತರು.

"ಬಾಯಿ ತಗಿ ಕಂದ" ಎಂದರು. "ಬಾಯಿ ತಗಿ. ನಾನೇ ತಂದಿದ್ದೀನಿ."

ನನ್ನ ಕೈ ತಾಗಿ ಚೊಂಬು ಉರುಳಿತು. ಅತ್ತೆ ಬೆಚ್ಚಲಿಲ್ಲ. ತಿರುಗಿ ನನ್ನನ್ನು ನೋಡಿದರು, ನಾನು ಬರುವುದು ತಡವಾಯಿತು ಎನ್ನುವಂತೆ.

ಹೊರಗೆ ಬಂದು, "ಅತ್ತೆ, ಅದು ಅನ್ನ ತಿನ್ನಲ್ಲ. ಕೊಳೆತು ಸಾಯುತ್ತೆ" ಎಂದೆ.

"ಮತ್ತೇನು ತಿಂತೈತೆ?"

ಅವರಿಗೆ ಗೊತ್ತಿತ್ತು. ಆದರೂ ನನ್ನ ಬಾಯಿಂದ ಕೇಳಬೇಕಿತ್ತು. "ಇರುವೆ, ನೊಣ" ಎಂದೆ.

ಅವರು ಬಟ್ಟಲನ್ನು ನನ್ನ ಕೈಗೆ ಕೊಟ್ಟರು. "ಹಸ್ಕೊಂಡು ಹೋದ ಕಣೇ ಪುಷ್ಪ" ಎಂದರು. "ನಾನು ತಟ್ಟೆ ಎತ್ತಿದ್ದು ನೋಡ್ಕೊಂಡೇ ಹೋದ." ಅಷ್ಟೇ. ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದರು.

ಅದಾದ ಮೇಲೆ ಕೆಲವು ದಿನ ಚಮಚದ ಸದ್ದು ಕೇಳಲಿಲ್ಲ. ನಾನು ಕೊಳೆತ ಹೂಜಿಗಳನ್ನೆಲ್ಲ ಕತ್ತರಿಸಿ, ಉಳಿದವನ್ನು ತೊಳೆದು ಫಿಲ್ಟರ್ ನೀರು ತುಂಬಿದೆ. ಮುಗಿಯಿತು ಎಂದುಕೊಂಡೆ. ಒಂದು ಮಧ್ಯಾಹ್ನ ಹಿತ್ತಲಿಗೆ ಬಟ್ಟೆ ತರಲು ಹೋದಾಗ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಅತ್ತೆ ಕುಕ್ಕರಗಾಲಿನಲ್ಲಿ ಕೂತಿದ್ದರು. ಸಕ್ಕರೆ ಚೆಲ್ಲಿ ಇರುವೆ ಸೇರಿಸಿದ್ದರು. ಒಂದೊಂದನ್ನೇ ಹಿಡಿದು, ಒಂದು ಕ್ಷಣ ಕಣ್ಣು ಮುಚ್ಚಿ, ಬೆರಳಿನಿಂದ ಒತ್ತಿ, ಎಲೆಯ ಮೇಲೆ ಇಡುತ್ತಿದ್ದರು. ತಲೆಯೆತ್ತದೆ, ಈ ಪಾಪ ನನಗೇ ಬರಲಿ, ನೀನು ಒಳಕ್ಕೆ ಹೋಗು ಎಂದರು. ನಾನು ಬಟ್ಟೆಯನ್ನು ಅಲ್ಲೇ ಬಿಟ್ಟು ಒಳಗೆ ಬಂದೆ.

ಆ ಇರುವೆಗಳನ್ನು ಗಿಡಕ್ಕೆ ಕೊಟ್ಟಾದ ಮೇಲೆ ಅವರು ತಲೆಯ ಮೇಲೆ ನೀರು ಹಾಕಿಕೊಳ್ಳುತ್ತಿದ್ದರು. ಕೊಂದ ಕೈಯಲ್ಲಿ ಲಿಂಗ ಮುಟ್ಟುವಂತಿಲ್ಲವಲ್ಲ. ಸುಡು ಬೇಸಿಗೆಯಲ್ಲಿ, ಮಧ್ಯಾಹ್ನದ ಉರಿ ಹೊತ್ತಿನಲ್ಲಿ, ಮತ್ತೆ ಚಿಪ್ಪಿನ ಬೆಂಕಿ ಹಾಕಿಸಿ ಕೊತಕೊತ ಕಾದ ನೀರು. ಬಾಗಿಲು ಹಾಕಿಕೊಳ್ಳದೆ, ಎಷ್ಟೋ ಹೊತ್ತು. ಮಂತ್ರ ಹೇಳುತ್ತಿದ್ದರೋ ಅಳುತ್ತಿದ್ದರೋ ಹೊರಗೆ ಗೊತ್ತಾಗುತ್ತಿರಲಿಲ್ಲ. ಹಬೆ ಹಾದಿಯನ್ನೆಲ್ಲ ತುಂಬಿ ಎಲೆಗಳಿಂದ ಹನಿಯಾಗಿ ತೊಟ್ಟಿಕ್ಕುತ್ತಿತ್ತು. ನನ್ನ ಗೋಣಿತಾಟು ಮಾಡಲಾಗದ್ದನ್ನು ಆ ಹಬೆ ಮಾಡಿತು. ಮೇ ತಿಂಗಳ ನಡುವಿನಲ್ಲಿ, ಊರಿನ ತುಳಸಿಯೂ ಬಾಡಿದ್ದಾಗ, ಆ ಗಿಡ ಎಲೆ ಎಲೆಗೂ ಹೂಜಿ ಬಿಟ್ಟಿತು. ಕೆಂಪು ತುಟಿಯ ದಪ್ಪ ಹೂಜಿಗಳು. ರಾಜಶೇಖರ್ ಅದನ್ನು ನೋಡಿ ಗಟ್ಟಿಯಾದ ಇನ್ನೊಂದು ಕೊಕ್ಕೆ ತಂದು ಹೊಡೆದರು.

ಮುಂಗಾರು ಹಿಡಿದ ಮೇಲೆ ಅತ್ತೆ ಒಂದೇ ಹಟ ಹಿಡಿದರು. ಬಿಕ್ಕೋಡಿಗೆ ಹೋಗಬೇಕು, ಆ ಶಿವಪ್ರಕಾಶನನ್ನು ನೋಡಬೇಕು. ಬಸ್ಸಿನಲ್ಲಿ ಇಬ್ಬರೇ ಹೊರಟೆವು. ಜಾವಗಲ್ ದಾಟುವಾಗ ನಾನು ಏನೇನೋ ಮಾತು ತೆಗೆದೆ, ಅವರು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ತಿರುವಿನಲ್ಲಿ ಬಸ್ಸು ನಿಧಾನವಾದಾಗ ಇಲ್ಲೇನಾ ಎಂದು ಕೇಳಿದರು. ಹೌದೆಂದೆ. ರಸ್ತೆಯ ಪಕ್ಕ ರಾಗಿಗೆ ಉಳುಮೆ ನಡೆದಿತ್ತು, ಒಬ್ಬ ಹೆಂಗಸು ಬುತ್ತಿ ಹೊತ್ತು ಬದುವಿನ ಮೇಲೆ ಹೋಗುತ್ತಿದ್ದಳು. ಹಳೇಬೀಡು, ಬೇಲೂರು ಬಂದರೂ ಅತ್ತೆ ಹಿಂದಕ್ಕೇ ನೋಡುತ್ತಿದ್ದರು.

ಶಿವಪ್ರಕಾಶ್ ಇಂದ್ರೇಶನ ವಯಸ್ಸಿನವನೇ. ನಮ್ಮನ್ನು ನೋಡಿ ಕೈಯ ಮಣ್ಣು ಒರೆಸಿಕೊಳ್ಳುತ್ತಾ ಓಡಿಬಂದ. ಬಲೆಯ ಮನೆಯೊಳಗೆ ಕರೆದುಕೊಂಡು ಹೋದ. ಒಳಗೆ ಮಂಜಿನಂತೆ ನೀರಿನ ಪುಡಿ. ಮೇಲೆ ಕೆಳಗೆ ಎಲ್ಲೆಲ್ಲೂ ಹೂಜಿಗಳು, ಹಸಿರು, ಕೆಂಪು, ಚುಕ್ಕೆ ಚುಕ್ಕೆಯವು, ಎಲ್ಲವೂ ಬಾಯಿ ತೆರೆದುಕೊಂಡಿದ್ದವು. ಅತ್ತೆ ಹೊಸ್ತಿಲಲ್ಲೇ ನಿಂತು ನನ್ನ ತೋಳು ಹಿಡಿದರು.

"ಇಷ್ಟೊಂದು ಬಾಯಿ" ಎಂದರು ಸಣ್ಣ ದನಿಯಲ್ಲಿ.

ಒಳಗೆ ಬರಲೊಪ್ಪಲಿಲ್ಲ. ಹೊರಗೆ ಜಗಲಿಯ ಮೇಲೆ ಕೂರಿಸಿ ಅವನು ಕಾಫಿ ಕೊಟ್ಟ. ಲೋಟವನ್ನು ಪಕ್ಕಕ್ಕಿಟ್ಟು ಅತ್ತೆ ತಾವು ಬಂದದ್ದೇಕೆಂದು ಹೇಳಿದರು. ಅವತ್ತು ನನ್ನ ಮಗ ದಾರಿಯಲ್ಲಿ ನಿನಗೆ ಫೋನ್ ಮಾಡಿದ್ದನೇ, ಏನಾದರೂ ಹೇಳಿದನೇ ಎಂದು ಕೇಳಿದರು. ಅವನು ನನ್ನ ಕಡೆ ನೋಡಿದ. ಈ ಗಿಡದ ವಿಷಯಕ್ಕೆ ಮಾತಾಡುವಾಗ ತಟ್ಟೆಯ ಕತೆಯನ್ನು ನಾನೇ ಅವನಿಗೆ ಫೋನಿನಲ್ಲಿ ಹೇಳಿದ್ದೆ.

"ಮಾಡಿದ್ದ ಕಣಮ್ಮ. ಜಾವಗಲ್ ಹೋಟ್ಲಲ್ಲಿ ತಿಂಡಿ ತಿಂತಾ ಇದ್ದೀನಿ ಅಂದ."

"ಏನು ತಿಂದ್ನಂತೆ?"

"ಇಡ್ಲಿ. ಎರಡು ವಡೆ."

ಅತ್ತೆ ಅವನ ಮುಖವನ್ನೇ ನೋಡಿದರು. ಇಂದ್ರೇಶ್ ವಡೆ ಮುಟ್ಟುತ್ತಿರಲಿಲ್ಲ. ಚಿಕ್ಕಂದಿನಿಂದಲೂ ಕರಿದದ್ದು ಅವನಿಗೆ ಆಗದು, ಹಬ್ಬದಲ್ಲೂ ಅವನಿಗೆಂದು ಬೇರೆ ಮಾಡಬೇಕಿತ್ತು. ಅತ್ತೆ ತಣ್ಣಗಾದ ಕಾಫಿ ಎತ್ತಿ ಪೂರ್ತಿ ಕುಡಿದರು. ಲೋಟ ಕೆಳಗಿಟ್ಟು ಅವನ ತಲೆಯ ಮೇಲೆ ಕೈಯಿಟ್ಟರು.

"ಒಳ್ಳೇದಾಯ್ತು ಬಿಡಪ್ಪ" ಎಂದರು.

ಅವನಿಗೆ ಗೊತ್ತಾಯಿತೋ ಇಲ್ಲವೋ. ಬಸ್ಸು ಹತ್ತಿಸಲು ಬಂದವನು ನನ್ನ ಕಣ್ಣು ತಪ್ಪಿಸಿ ಟೈರುಗಳನ್ನು ನೋಡುತ್ತಾ ನಿಂತಿದ್ದ. ವಾಪಸು ಬರುವಾಗ ಆ ತಿರುವಿಗೆ ಮುಂಚೆಯೇ ಅತ್ತೆಗೆ ನಿದ್ದೆ ಹತ್ತಿತ್ತು. ಅಥವಾ ಕಣ್ಣು ಮುಚ್ಚಿದ್ದರು.

ಇದಾಗಿ ಎರಡು ಬೇಸಿಗೆ ಕಳೆದಿವೆ. ಈಗ ಅತ್ತೆ ಇರುವೆ ಹಿಡಿಯುವುದಿಲ್ಲ. ಮಧ್ಯಾಹ್ನದ ಸ್ನಾನ ಮಾತ್ರ ನಿಂತಿಲ್ಲ. ಆ ಹೊತ್ತಿನಲ್ಲಿ ಹಿಂದುಗಡೆಗೆ ಯಾರೂ ಹೋಗುವುದಿಲ್ಲ, ಅದು ಹೇಗೋ ಮನೆಯ ಕಟ್ಟಳೆಯಾಗಿಬಿಟ್ಟಿದೆ. ಗಿಡ ಹಾದಿಯ ಮುಕ್ಕಾಲು ಭಾಗ ತುಂಬಿಕೊಂಡು, ಬಳ್ಳಿ ಹೆಂಚಿನ ಜಂತಿಗೆ ಏರಿದೆ. ಒಳಗಿನಿಂದ ಕೆಲವೊಮ್ಮೆ ಅತ್ತೆ ಮಾತಾಡುವುದು ಕೇಳುತ್ತದೆ. ಕೊಬ್ಬರಿಯ ಧಾರಣೆ, ಯಾರದೋ ಮದುವೆ, ನಿಮ್ಮಣ್ಣನಿಗೆ ಮೊಣಕಾಲ ನೋವು, ಇಂಥವು. ನಡುನಡುವೆ ಸುಮ್ಮನಾಗುತ್ತಾರೆ, ಎದುರಿನವರ ಉತ್ತರ ಕೇಳಿಸಿಕೊಳ್ಳುವಷ್ಟು ಹೊತ್ತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಆ ಹಾದಿಯಲ್ಲಿ ಹೋಗಬೇಕಾದವಳು ನಾನು. ಹಾಗೆ ಹೋಗುವಾಗ ಹೂಜಿಗಳಿಗೆ ತಾಗದಂತೆ ಸೆರಗನ್ನು ಹತ್ತಿರಕ್ಕೆಳೆದುಕೊಳ್ಳುತ್ತೇನೆ.