ಚಾಚಿ ತೆಗೆದಿಡುತ್ತಿದ್ದ ಬೆಕ್ಕಿನ ಪಾಲು

ಬೆಕ್ಕು ಉಂಡಿತು! ಇವತ್ತು ಬೆಳಿಗ್ಗೆ ನಮ್ಮ ಮೊಮ್ಮಗಳ ಬೆಕ್ಕು ತಾನೇ ಎದ್ದು ಬಂದು ಹಾಲನ್ನ ನೆಕ್ಕಿತು. ಓಣಿಯಲ್ಲಿ ಸಿಕ್ಕವರಿಗೆಲ್ಲ ಹೇಳಿ ಬಂದೆ. ನಿದ್ದೆಗೆಟ್ಟು ಕಣ್ಣು ಉರಿಯುತ್ತಿವೆ, ಆದರೂ ಬಾಯಿ ಸುಮ್ಮನಿರಲೊಲ್ಲದು.

ಹೋದ ಸೋಮವಾರದ ಪೂಜೆಗೆ ರವೆಯ ಶಿರಾ ಮಾಡಿದ್ದೆ. ನಮ್ಮಲ್ಲಿ ಪ್ರಸಾದವೆಂದರೆ ಎತ್ತು, ಆಕಳು, ಬೆಕ್ಕು ಎಲ್ಲಕ್ಕೂ ಪಾಲು. ನಮ್ಮ ಮನೆಯವರು ಪ್ರೀತಿಯಿಂದ ಅದರೊಳಗಿನ ಒಣದ್ರಾಕ್ಷಿಯನ್ನೇ ಆರಿಸಿ ಬೆಕ್ಕಿಗೆ ತಿನ್ನಿಸಿದರು. ಸಂಜೆಗೆ ಅದು ವಾಂತಿ ಮಾಡಿಕೊಂಡು ಮೂಲೆ ಹಿಡಿಯಿತು. ಮೊಮ್ಮಗಳು ಅದರ ಬಾಯಿ ಒರೆಸಿದ ಬಟ್ಟೆಗೆ ತುಪ್ಪದಲ್ಲಿ ಹುರಿದ ದ್ರಾಕ್ಷಿಯ ವಾಸನೆ ಹತ್ತಿತ್ತು. ಆ ವಾಸನೆಗೆ ಚಾಚಿ ನೆನಪಾದಳು...

ನಾನು ಹೊಸದಾಗಿ ಈ ಮನೆಗೆ ಬಂದಾಗ ಚಾಚಿ ಬಾಜು ಮನೆಯಾಕೆ. ಆಕೆಯ ಮಗ್ಗದ ಕೆಳಗೆ ಯಾವಾಗಲೂ ಒಂದಿಲ್ಲೊಂದು ಬೆಕ್ಕು ಮಲಗಿರುತ್ತಿತ್ತು. ರಮಜಾನ್ ಹಬ್ಬಕ್ಕೆ ಹಾಲು, ಶ್ಯಾವಿಗೆಯ ಸುರಕುಂಬಾ ಕಾಸಿದರೆ ಬೆಕ್ಕಿಗೂ ಒಂದು ಬಟ್ಟಲು. ಆದರೆ ಅದರೊಳಗಿನ ದ್ರಾಕ್ಷಿಯನ್ನು ಒಂದೂ ಬಿಡದೆ ತೆಗೆದಿಡುತ್ತಿದ್ದಳು.

“ಬೆಕ್ಕಿಗೆ ಇಷ್ಟ ಉಪಚಾರ ಏನ್ರಿ ಚಾಚಿ?” ಎಂದು ನಕ್ಕೆ.

“ನಗಬ್ಯಾಡಬೇ. ನನ್ನ ಮೊದಲಿನ ಬೆಕ್ಕ ಕೆಂಪಿ ಇದನ್ನ ತಿಂದs ಸತ್ತಳು ಅಂತ ನನಗ ಸಂಶೇ. ಬಾಳಿಹಣ್ಣ ಕೊಡತೀನಿ, ಕರಬೂಜ ಕೊಡತೀನಿ. ಇದೊಂದ ಮಾತ್ರ ಕೊಡಂಗಿಲ್ಲ.”

ಅದು ನೆನಪಾದದ್ದೇ, “ದನದ ದವಾಖಾನಿಗೆ ಒಯ್ಯೂಣು, ಲಗೂನ ನಡೀರಿ” ಎಂದೆ.

“ಹಣ್ಣ ತಿಂದ್ರ ಯಾರರ ಸಾಯ್ತಾರೇನ?” ಎಂದರು ಮನೆಯವರು. ಹಾಗೆಂದವರೇ ಗಾಡಿ ತೆಗೆದರು.

ಡಾಕ್ಟರು ಸಲೈನ್ ಹಚ್ಚಿದರು. “ದ್ರಾಕ್ಷಿ ಹಸೀದಿರಲಿ, ಒಣಗಿದ್ದಿರಲಿ, ಬೆಕ್ಕಿಗೆ ಕೊಡಬ್ಯಾಡ್ರಿ. ಮೂತ್ರಪಿಂಡ ಕೆಡಬಹುದು. ಕರಬೂಜ, ಬಾಳಿಹಣ್ಣ ಒಂಚೂರು ಕೊಟ್ರ ನಡೀತದ. ತಡಾ ಮಾಡದ ಬಂದ್ರಿ, ಚಲೋ ಆತು” ಎಂದರು.

ಆಮೇಲೆ ದಿನಾ ದವಾಖಾನೆಗೆ ಹೋಗಿ ಬಂದು ಸಾಕಾಯಿತು. ಮೊಮ್ಮಗಳು ಅಜ್ಜನ ಜೊತೆ ಮಾತು ಬಿಟ್ಟಳು. ಇವರು ತಾಟಿನ ಮುಂದೆ ಕುಳಿತು, ಎರಡು ತುತ್ತು ಉಂಡು ಎದ್ದು ಹೋಗುವರು. ಬೆಕ್ಕು ಇವತ್ತಿನವರೆಗೂ ಏನನ್ನೂ ಮುಟ್ಟಿರಲಿಲ್ಲ.

ಚಾಚಿ ತೀರಿಕೊಂಡು ಎಷ್ಟೋ ವರ್ಷಗಳಾದವು. ನಿನ್ನ ಸಂಶಯ ಸುಳ್ಳಲ್ಲ ಎಂದು ಆಕೆಗೆ ಹೇಳುವವರು ಆಗ ಯಾರೂ ಇರಲಿಲ್ಲ. ಈಗ ಹೇಳೋಣವೆಂದರೆ ಆಕೆಯೇ ಇಲ್ಲ...

ಇವತ್ತು ಸಂಜೆ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಮಾಡಿದೆ. ಮಗ, ಸೊಸೆ ಎಲ್ಲರೂ ಸಾಲಾಗಿ ಕುಳಿತರು. ಇವರು ಮಾತ್ರ ಕಟ್ಟೆ ಬಿಟ್ಟು ಏಳಲಿಲ್ಲ. ಬೆಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ಮೊಮ್ಮಗಳು ಬಾಗಿಲ ಕಡೆ ತಿರುಗಿದಳು.

“ಅಜ್ಜಾ, ರೊಟ್ಟಿ ಆರತಾವ. ಉಣ್ಣಾಕ ಬಾ.”

ಇವರು ಬಂದು ಆಕೆಯ ಪಕ್ಕದಲ್ಲಿ ಕುಳಿತರು. ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡರು.